31ರ ಕಂತು 29ಕ್ಕೆ ಇಳಿದಾಗ: ಎಸ್‌ಕ್ಯೂಎಲ್‌ನ ತಾರೀಖು ಸರಣಿಯಲ್ಲಿ ದೋಷ ಹುಡುಕುವ ಬಗೆ

2024ರ ಏಪ್ರಿಲ್ ಮೊದಲ ವಾರ. ನಾನು ಸಾಲದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಒಂದು ಪತ್ತಿನ ಸೊಸೈಟಿಯ ಗುಮಾಸ್ತರಿಂದ ಫೋನು ಬಂತು. ಸದಸ್ಯರೊಬ್ಬರು ಮಾರ್ಚ್ ಕಂತನ್ನು 30ನೇ ತಾರೀಖು ಶನಿವಾರ ಕಟ್ಟಿದ್ದಾರೆ, ಆದರೂ ಒಂದು ದಿನದ ಸುಸ್ತಿ ಬಡ್ಡಿ ಬಿದ್ದಿದೆ. "ಸರ್, ಅವರದು ತಿಂಗಳ ಕೊನೇ ದಿನದ ವಾಯಿದೆ. ಸಿಸ್ಟಂ 29 ಅಂತಿದೆ. 29 ಗುಡ್ ಫ್ರೈಡೇ, ನಾವು ಬಾಗಿಲೇ ತೆಗೆದಿಲ್ಲ. ಯಾರ ಹತ್ರ ಕಟ್ಟಬೇಕಿತ್ತು ಅಂತ ಕೇಳ್ತಿದ್ದಾರೆ, ಏನು ಹೇಳ್ಲಿ?"

ಬಡ್ಡಿ ಕೆಲವೇ ರೂಪಾಯಿ. ಆದರೆ ಆ ಕಂತುಪಟ್ಟಿ ತಯಾರಿಸುವ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ನಾನೇ ಬರೆದದ್ದು, ಪರೀಕ್ಷೆಯನ್ನೂ ನಾನೇ ಮಾಡಿ ಸರಿಯಿದೆ ಎಂದಿದ್ದೆ. ಮೊದಲ ಕಂತು 31-01-2024, ಕೊನೆಯದು 31-12-2024, ಒಟ್ಟು 12 ಸಾಲುಗಳು ಬರಬೇಕು. ಹನ್ನೆರಡೂ ಬಂದಿದ್ದವು. ಎಣಿಸಿದೆ, ಬಿಟ್ಟೆ. ಒಳಗಿನ ತಾರೀಖುಗಳನ್ನು ಒಂದೊಂದಾಗಿ ಓದಿರಲಿಲ್ಲ.

ಬರಬೇಕಿದ್ದದ್ದು: 31-01, 29-02, 31-03, 30-04, 31-05, 30-06 …
ಬಂದದ್ದು: 31-01, 29-02, 29-03, 29-04, 29-05, 29-06 …

ಎರಡು ತಾರೀಖುಗಳ ನಡುವೆ ತಿಂಗಳಿಗೊಮ್ಮೆ, ವಾರಕ್ಕೊಮ್ಮೆ ಮರುಕಳಿಸುವ ದಿನಗಳನ್ನು ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಹುಟ್ಟಿಸುವ ಕೆಲಸ ನೋಡಲು ಸಲೀಸು, ಕೆಡುವ ದಾರಿ ಮಾತ್ರ ಹಲವು. ಆ ವಾರ ನಾನು ಹುಡುಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವಂತೆಯೇ ಬರೆದಿದ್ದೇನೆ.

ಯಾರಿಗೆಲ್ಲ ತೊಂದರೆ ಎಂದು ಮೊದಲು ನೋಡಿ

ಕ್ವೆರಿ ತೆರೆಯುವ ಮೊದಲು ತಪ್ಪು ಬಂದ ದಾಖಲೆಗಳ ಮೊದಲ ತಾರೀಖನ್ನು ನೋಡಿ. ಅರ್ಧ ರೋಗನಿದಾನ ಅಲ್ಲೇ ಆಗುತ್ತದೆ.

29, 30, 31ರಂದು ಶುರುವಾದ ಸಾಲಗಳು ಮಾತ್ರ ಕೆಟ್ಟಿದ್ದು 5, 10, 15ರವು ಚೆನ್ನಾಗಿದ್ದರೆ ದೋಷ ತಿಂಗಳು ಕೂಡುವ ಲೆಕ್ಕದಲ್ಲಿದೆ. 1ನೇ ತಾರೀಖಿನವೂ ಕೆಟ್ಟಿದ್ದರೆ ಅದಲ್ಲ, ಟೈಮ್‌ಝೋನ್ ಕಡೆ ಹೋಗಿ. ಎಲ್ಲರಿಗೂ ಕೊನೆಯ ಒಂದೇ ಕಂತು ಕಾಣೆಯಾಗಿದ್ದರೆ ಮುಗಿಯುವ ತಾರೀಖಿನ ಹೋಲಿಕೆಯಲ್ಲಿ ತಪ್ಪಿದೆ. ಪಟ್ಟಿ ಒಂದೇ ಸಾಲಿಗೆ ನಿಂತಿದ್ದರೆ ಮುಗಿಯುವ ತಾರೀಖು ನಲ್ (ಏನೂ ತುಂಬದೆ ಖಾಲಿ) ಆಗಿರಬಹುದು, ಇಲ್ಲವೇ ಶುರುವಿಗಿಂತ ಹಿಂದಿನದಾಗಿರಬಹುದು. ರಿಕರ್ಸಿವ್ ಸಿಟಿಇಯಲ್ಲಿ (ಹಿಂದಿನ ಸಾಲಿನಿಂದ ಮುಂದಿನ ಸಾಲನ್ನು ಹುಟ್ಟಿಸುತ್ತ ಹೋಗುವ ಕ್ವೆರಿ) ಮೊದಲ ಸಾಲು ಯಾವ ಷರತ್ತನ್ನೂ ದಾಟದೆ ಒಳಗೆ ಬಂದುಬಿಡುತ್ತದೆ, ಷರತ್ತು ತಡೆಯುವುದು ಎರಡನೆಯದರಿಂದ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸರಣಿ ಹುಟ್ಟಿಸುವ ಜನರೇಟ್ ಸೀರೀಸ್ ಫಂಕ್ಷನ್‌ಗೆ ಅದೇ ನಲ್ ಕೊಟ್ಟರೆ ಒಂದು ಸಾಲೂ ಬರುವುದಿಲ್ಲ, ಎರರ್ ಕೂಡ ಇಲ್ಲ.

ನಮ್ಮಲ್ಲಿ ಕೆಟ್ಟಿದ್ದದ್ದು ತಿಂಗಳ ಕೊನೆಯ ಮೂರು ದಿನಗಳವರು ಮಾತ್ರ.

ಜಾರುವುದು ಹೇಗೆ

ನಮ್ಮದು ಪೋಸ್ಟ್‌ಗ್ರೆಸ್. ಜನರೇಟ್ ಸೀರೀಸ್‌ಗೆ ಶುರು, ಕೊನೆ, ಒಂದು ತಿಂಗಳ ಇಂಟರ್‌ವಲ್ (ಹೆಜ್ಜೆಯ ಅಳತೆ) ಕೊಟ್ಟಿದ್ದೆ. ಆ ಫಂಕ್ಷನ್ ಪ್ರತಿ ಸಲವೂ ಈಗಷ್ಟೇ ಬಂದ ತಾರೀಖಿಗೆ ಹೆಜ್ಜೆಯನ್ನು ಕೂಡುತ್ತದೆ. ಜನವರಿ 31ಕ್ಕೆ ಒಂದು ತಿಂಗಳು ಕೂಡಿದರೆ ಫೆಬ್ರವರಿ 31 ಇಲ್ಲ, ಹಾಗಾಗಿ 29ಕ್ಕೆ ಇಳಿಸುತ್ತದೆ. ಇಲ್ಲಿಯವರೆಗೆ ನ್ಯಾಯವೇ. ಮುಂದಿನ ಹೆಜ್ಜೆ ಶುರುವಾಗುವುದು 29ರಿಂದ, ಮೂಲದಲ್ಲಿ 31 ಇತ್ತೆಂಬುದು ಆ ಹೊತ್ತಿಗೆ ಅದಕ್ಕೆ ಗೊತ್ತಿಲ್ಲ. ಮಾರ್ಚ್‌ನಲ್ಲಿ 31 ದಿನಗಳಿದ್ದರೂ 29ರಲ್ಲೇ ಉಳಿಯುತ್ತದೆ. ಇಳಿದದ್ದು ಮತ್ತೆ ಹತ್ತುವುದೇ ಇಲ್ಲ.

ಕನ್ನಡದಲ್ಲಿ ತಿಂಗಳು ಎಂದರೆ ಚಂದ್ರನೂ ಹೌದು. ದಿನಕ್ಕೊಂದು ಗಾತ್ರದವನ ಹೆಸರನ್ನು ಅಳತೆಗೆ ಇಟ್ಟುಕೊಂಡ ಮೇಲೆ ಕಂಪ್ಯೂಟರ್ ಒಂದನ್ನೇ ಬೈದು ಫಲವಿಲ್ಲ. ದಿನ, ವಾರ ಇವು ಗಟ್ಟಿ ಅಳತೆಗಳು: 7 ದಿನವನ್ನು ಎರಡು ಸಲ ಕೂಡಿದರೂ ಒಟ್ಟಿಗೆ 14 ಕೂಡಿದರೂ ಅದೇ ದಿನ. ತಿಂಗಳು ಹಾಗಲ್ಲ. ಜನವರಿ 31ಕ್ಕೆ ಒಟ್ಟಿಗೆ ಎರಡು ತಿಂಗಳು ಕೂಡಿದರೆ ಮಾರ್ಚ್ 31. ಒಂದೊಂದಾಗಿ ಎರಡು ಸಲ ಕೂಡಿದರೆ ಮಾರ್ಚ್ 29. ಮುಷ್ಟಿ ಹಿಡಿದು ಬೆರಳ ಗೆಣ್ಣಿನ ಮೇಲೆ 31, ಗುಂಡಿಯಲ್ಲಿ 30 ಎಂದು ಶಾಲೆಯಲ್ಲಿ ಎಣಿಸಿದವರಿಗೆ ಇದು ಹೊಸತೇನಲ್ಲ, ಆದರೆ ಕ್ವೆರಿ ಬರೆಯುವಾಗ ಆ ಮುಷ್ಟಿ ನೆನಪಿಗೆ ಬರುವುದಿಲ್ಲ.

ಜಾರುವಿಕೆ ಎಲ್ಲರಿಗೂ ಫೆಬ್ರವರಿಯಲ್ಲೇ ಆಗಬೇಕಿಲ್ಲ. 31-03-2024ರಂದು ಶುರುವಾದದ್ದು ಏಪ್ರಿಲ್‌ನಲ್ಲಿ 30ಕ್ಕೆ ಇಳಿದು, ಹತ್ತು ತಿಂಗಳು ಅಲ್ಲೇ ಇದ್ದು, 2025ರ ಫೆಬ್ರವರಿಯಲ್ಲಿ 28ಕ್ಕೆ ಬಿದ್ದು, ಆಮೇಲೆ 28ರಲ್ಲೇ ನಿಲ್ಲುತ್ತದೆ. ಇನ್ನೂ ಕಳ್ಳತನದ್ದು 29-01-2024ರದು: 2024 ಅಧಿಕ ವರ್ಷವಾದ್ದರಿಂದ ಆ ಫೆಬ್ರವರಿಯಲ್ಲಿ ಏನೂ ಆಗುವುದಿಲ್ಲ, ಒಂದಿಡೀ ವರ್ಷ ಸರಿಯಾಗಿ ನಡೆದು 2025ರ ಮಾರ್ಚ್‌ನಲ್ಲಿ 28 ಎಂದು ತೋರಿಸುತ್ತದೆ. ಒಂದು ವರ್ಷದ ಪಟ್ಟಿ ನೋಡಿ ಸರಿಯಿದೆ ಎನ್ನುವವರು ಸಿಕ್ಕಿಬೀಳುವುದು ಇಲ್ಲಿ.

ಸಾಲುಗಳ ಎಣಿಕೆಯೂ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಶುರು 31-01-2024, ಮುಕ್ತಾಯ 30-12-2024 ಎಂದಿಟ್ಟುಕೊಳ್ಳಿ. ಸರಿಯಾದ ಲೆಕ್ಕಕ್ಕೆ ಡಿಸೆಂಬರ್ ಕಂತು 31ಕ್ಕೆ ಬಂದು ಗಡಿಯಾಚೆ ಉಳಿಯುತ್ತದೆ, ಒಟ್ಟು 11. ಜಾರಿದ ಸರಣಿಯಲ್ಲಿ ಡಿಸೆಂಬರ್ 29 ಗಡಿಯೊಳಗೇ ಇರುವುದರಿಂದ 12.

ಪರಿಹಾರ

ತಾರೀಖಿನ ಸರಣಿ ಹುಟ್ಟಿಸಬೇಡಿ. 0, 1, 2, 3 ಎಂಬ ಅಂಕಿಗಳ ಸರಣಿ ಹುಟ್ಟಿಸಿ, ಪ್ರತಿ ಅಂಕಿಯನ್ನೂ ಒಂದು ತಿಂಗಳಿಗೆ ಗುಣಿಸಿ, ಬಂದದ್ದನ್ನು ಮೊದಲ ತಾರೀಖಿಗೆ ಕೂಡಿ:

ಕಂತಿನ ದಿನ = ಮೊದಲ ತಾರೀಖು + (ಕ್ರಮಸಂಖ್ಯೆ × 1 ತಿಂಗಳು)

ಪ್ರತಿಯೊಂದು ಕಂತೂ ಮೂಲದಿಂದ ನೇರವಾಗಿ ಬರುವುದರಿಂದ ಒಂದರ ಇಳಿತ ಇನ್ನೊಂದಕ್ಕೆ ಅಂಟುವುದಿಲ್ಲ. ರಿಕರ್ಸಿವ್ ಸಿಟಿಇ ಬಳಸುವವರೂ ಹಾಗೆಯೇ: ಹಿಂದಿನ ಸಾಲಿನಿಂದ ಕ್ರಮಸಂಖ್ಯೆಯನ್ನು ಮಾತ್ರ ತೆಗೆದುಕೊಳ್ಳಿ, ತಾರೀಖನ್ನು ತೆಗೆದುಕೊಳ್ಳಬೇಡಿ.

ಇದನ್ನು ಹಾಕಿದ ದಿನವೇ ನಾನು ಇನ್ನೊಂದು ಎಡವಟ್ಟು ಮಾಡಿದೆ. ಹಳೆಯ ಕಂತುಗಳನ್ನು ಮುಟ್ಟುವುದು ಬೇಡ, ಕಟ್ಟಿರದವನ್ನು ಮಾತ್ರ ಹೊಸದಾಗಿ ಹುಟ್ಟಿಸೋಣ ಎಂದುಕೊಂಡು, ಕಟ್ಟಿರದ ಮೊದಲ ಕಂತಿನ ತಾರೀಖನ್ನೇ ಮೂಲವಾಗಿ ಕೊಟ್ಟೆ. ಅದು 29-04 ಆಗಿತ್ತು. ಸೂತ್ರ ಸರಿಯಿದ್ದೂ 29-05, 29-06 ಎಂದೇ ಬಂತು. ಕೆಟ್ಟ ತಾರೀಖಿನಿಂದ ಸರಿಯಾಗಿ ಎಣಿಸಿದರೂ ಬರುವುದು ಕೆಟ್ಟದ್ದೇ. ಕಂತಿನ ಟೇಬಲ್ ಬಿಟ್ಟು ಸಾಲದ ಟೇಬಲ್ಲಿಗೆ ಹೋಗಿ, ಮಂಜೂರಾತಿಯಲ್ಲಿ ಬರೆದ ಮೊದಲ ವಾಯಿದೆ ದಿನವನ್ನೇ ತಂದುಕೊಳ್ಳಬೇಕು. ಆಮೇಲೆ ಆ ಟೇಬಲ್ಲಿಗೆ "ವಾಯಿದೆ ದಿನಾಂಕ" ಎಂಬ ಬೇರೆ ಕಾಲಂ ಸೇರಿಸಿ 31 ಎಂಬ ಅಂಕಿಯನ್ನೇ ಬರೆದಿಟ್ಟೆವು. 28-02 ಎಂಬ ತಾರೀಖನ್ನಷ್ಟೇ ನೋಡಿದರೆ ಅದು 28ರ ಕರಾರೋ ತಿಂಗಳ ಕೊನೆಯ ಕರಾರೋ ಯಾರಿಗೂ ತಿಳಿಯದು.

ರಜೆಯ ದಿನ ಕಂತನ್ನು ಮುಂದೂಡುವವರಿಗೂ ಇದೇ ಕಾಯಿಲೆ ಬರುತ್ತದೆ. 31-03-2024 ಭಾನುವಾರ. ಸೋಮವಾರಕ್ಕೆ ದೂಡಿ 1-04 ಮಾಡಿ, ಮುಂದಿನದನ್ನು ಅಲ್ಲಿಂದ ಎಣಿಸಿದರೆ 1-05. ಏಪ್ರಿಲ್ 30ರ ಕಂತು ಮೇ ತಿಂಗಳಿಗೆ ಹಾರಿಹೋಯಿತು. ಮೂಲ ತಾರೀಖು ಒಂದು ಕಾಲಂನಲ್ಲಿ, ದೂಡಿದ ತಾರೀಖು ಇನ್ನೊಂದರಲ್ಲಿ ಇರಲಿ. ಎಣಿಕೆ ಸದಾ ಮೊದಲನೆಯದರಿಂದ.

ಬೇರೆ ಡೇಟಾಬೇಸ್‌ಗಳಲ್ಲಿ

ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಆ್ಯಡ್, ಮೈಎಸ್‌ಕ್ಯೂಎಲ್‌ನ ಡೇಟ್ ಆ್ಯಡ್ ಎರಡೂ ಪೋಸ್ಟ್‌ಗ್ರೆಸ್‌ನಂತೆಯೇ ತಿಂಗಳ ಕೊನೆಗೆ ಇಳಿಸುತ್ತವೆ. ಮೇಲಿನ ಪರಿಹಾರ ಹಾಗೆಯೇ ಹೊಂದುತ್ತದೆ.

ಒರಾಕಲ್‌ನದು ಉಲ್ಟಾ ಸ್ವಭಾವ. ಆ್ಯಡ್ ಮಂತ್ಸ್‌ಗೆ ಕೊಟ್ಟ ದಿನ ಆ ತಿಂಗಳ ಕೊನೆಯ ದಿನವಾಗಿದ್ದರೆ, ಬರುವ ಉತ್ತರವೂ ತಿಂಗಳ ಕೊನೆಯ ದಿನವೇ. 30-01-2024ರಿಂದ ಒಂದೊಂದಾಗಿ ಕೂಡುತ್ತ ಹೋದರೆ 29-02 ಬರುತ್ತದೆ, ಅದು ಫೆಬ್ರವರಿಯ ಕೊನೆ, ಹಾಗಾಗಿ ಮುಂದಿನದು 31-03. 30ರ ಕರಾರು 31ಕ್ಕೆ ಏರಿತು! ಮೂಲದಿಂದ ಎಣಿಸಿದರೆ 30-03 ಸರಿಯಾಗಿ ಸಿಗುತ್ತದೆ. ಆದರೆ ಮೂಲವೇ 30-04-2024 ಆಗಿದ್ದರೆ ಆ ಉಪಾಯವೂ ಸಾಲದು. ಏಪ್ರಿಲ್ 30 ತಿಂಗಳ ಕೊನೆಯಾದ್ದರಿಂದ ಮುಂದಿನದು 31-05. ಇದನ್ನು ತಪ್ಪು ಎನ್ನಬೇಕೋ ಬೇಡವೋ ಹೇಳಬೇಕಾದವರು ಸೊಸೈಟಿಯವರು. "ಪ್ರತಿ ತಿಂಗಳು 30" ಎಂದು ಕರಾರಾಗಿದ್ದರೆ ತಪ್ಪು, "ತಿಂಗಳ ಕೊನೆ" ಎಂದಾಗಿದ್ದರೆ ಸರಿ. ಇದೇ ಒರಾಕಲ್‌ನಲ್ಲಿ ಆ್ಯಡ್ ಮಂತ್ಸ್ ಬಿಟ್ಟು ಜನವರಿ 31ಕ್ಕೆ ಒಂದು ತಿಂಗಳ ಇಂಟರ್‌ವಲ್ ಕೂಡಿ ನೋಡಿ, ಒಆರ್‌ಎ-01839 ಎಂಬ ಎರರ್ ಬಂದು ಕ್ವೆರಿ ನಿಲ್ಲುತ್ತದೆ. ನನಗೆ ಕೇಳಿದರೆ ಸುಮ್ಮನೆ ಜಾರುವುದಕ್ಕಿಂತ ಹೀಗೆ ಹಟ ಹಿಡಿದು ನಿಲ್ಲುವುದೇ ಮೇಲು.

ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವ ಎಸ್‌ಕ್ಯೂಲೈಟ್ ಇಳಿಸುವುದೂ ಇಲ್ಲ, ನಿಲ್ಲುವುದೂ ಇಲ್ಲ, ಉಕ್ಕಿ ಮುಂದಿನ ತಿಂಗಳಿಗೆ ಹರಿಯುತ್ತದೆ. 31-01-2024ಕ್ಕೆ ಒಂದು ತಿಂಗಳು ಕೂಡಿದರೆ ಫೆಬ್ರವರಿ 31 ಎಂದಿಟ್ಟುಕೊಂಡು, ಹೆಚ್ಚಾದ ಎರಡು ದಿನ ಮುಂದೆ ದಾಟಿ 02-03-2024 ಕೊಡುತ್ತದೆ. ಫೆಬ್ರವರಿ ಕಂತೇ ಮಾಯ. ಇಲ್ಲಿ ಮೂಲದಿಂದ ಎಣಿಸಿದರೂ 31-01, 02-03, 31-03, 01-05 ಎಂದು ಬರುವುದರಿಂದ, ಮಾರ್ಚ್‌ಗೆ ಎರಡು ಕಂತು ಬಿದ್ದು ಫೆಬ್ರವರಿ, ಏಪ್ರಿಲ್ ಖಾಲಿ ಉಳಿಯುತ್ತವೆ. 2024ರಲ್ಲಿ ಬಂದ 3.46 ಆವೃತ್ತಿಯಿಂದ ಫ್ಲೋರ್ ಎಂಬ ಮಾಡಿಫೈಯರ್ ಇದೆ, ಅದು ತಿಂಗಳ ಕೊನೆಗೆ ಇಳಿಸಿಕೊಡುತ್ತದೆ. ಹಳೆಯ ಆವೃತ್ತಿಯಾದರೆ ಮೊದಲು ತಿಂಗಳ 1ಕ್ಕೆ ಹೋಗಿ, ಬೇಕಾದಷ್ಟು ತಿಂಗಳು ಕೂಡಿ, ಆ ತಿಂಗಳ ಕೊನೆಯ ದಿನ ಕಂಡುಕೊಂಡು, ಅದು ಮತ್ತು ವಾಯಿದೆ ದಿನಾಂಕ ಇವೆರಡರಲ್ಲಿ ಚಿಕ್ಕದನ್ನು ಇಟ್ಟುಕೊಳ್ಳಬೇಕು. ಸ್ವಲ್ಪ ಉದ್ದವಾದರೂ ಈ ದಾರಿ ಎಲ್ಲ ಡೇಟಾಬೇಸ್‌ನಲ್ಲೂ ಒಂದೇ ಉತ್ತರ ಕೊಡುತ್ತದೆ. ಎರಡು ಬಗೆಯ ಡೇಟಾಬೇಸ್ ಇರುವ ಕಡೆ ನಾನು ಇದನ್ನೇ ಬಳಸುತ್ತೇನೆ.

ಎಷ್ಟು ಕಂತು ಎಂದು ಡೇಟಾಬೇಸನ್ನು ಕೇಳಬೇಡಿ

ಅಂಕಿಗಳ ಸರಣಿ ಎಂದ ಕೂಡಲೇ ಎಷ್ಟರವರೆಗೆ ಎಂಬ ಪ್ರಶ್ನೆ ಏಳುತ್ತದೆ. ಎರಡು ತಾರೀಖುಗಳ ನಡುವೆ ಎಷ್ಟು ತಿಂಗಳು ಎಂದು ಕೇಳುವ ಫಂಕ್ಷನ್ ಹುಡುಕಲು ಕೈ ತುರಿಸುತ್ತದೆ. 31-01-2024ರಿಂದ 29-02-2024ಕ್ಕೆ ಎಷ್ಟು ತಿಂಗಳು? ಒರಾಕಲ್‌ನ ಮಂತ್ಸ್ ಬಿಟ್ವೀನ್ ಎರಡೂ ತಿಂಗಳ ಕೊನೆ ಎಂದು ನೋಡಿ 1 ಎನ್ನುತ್ತದೆ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಡಿಫ್ ತಿಂಗಳು ತುಂಬಿಲ್ಲ ಎಂದು 0 ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಡಿಫ್ 1 ಎಂದರೂ ಅದರ ಕಾರಣ ಬೇರೆ. ಅದು ಕ್ಯಾಲೆಂಡರಿನ ಹಾಳೆ ಎಷ್ಟು ಸಲ ತಿರುಗಿತು ಎಂದಷ್ಟೇ ಎಣಿಸುತ್ತದೆ, ಹಾಗಾಗಿ ಜನವರಿ 31ರಿಂದ ಫೆಬ್ರವರಿ 1ಕ್ಕೂ 1 ಎನ್ನುತ್ತದೆ. ಇವುಗಳಲ್ಲಿ ಒಂದನ್ನು ನಂಬಿದರೆ ಒಂದು ಕಂತು ಹೆಚ್ಚೋ ಕಡಿಮೆಯೋ ಆಗುವುದು ಖಂಡಿತ. ಕೈ ಬಿಚ್ಚಿ ಎರಡು ಅಂಕಿ ಹೆಚ್ಚೇ ಹುಟ್ಟಿಸಿ, ಆಮೇಲೆ ಬಂದ ತಾರೀಖು ಮುಕ್ತಾಯ ದಿನದ ಒಳಗಿದ್ದರೆ ಮಾತ್ರ ಉಳಿಸಿಕೊಳ್ಳಿ.

ಕೊನೆಯ ಕಂತು ಮಾತ್ರ ಕಾಣೆಯಾಗುವವರು ಮೊದಲ ತಾರೀಖಿನ ಜೊತೆ ಗಂಟೆ ನಿಮಿಷ ಅಂಟಿದೆಯೇ ನೋಡಿ. ಸಾಲ ಕೊಟ್ಟದ್ದು ಬೆಳಿಗ್ಗೆ 11:40ಕ್ಕೆ ಎಂದು ಟೈಮ್‌ಸ್ಟ್ಯಾಂಪ್ ಇದ್ದರೆ ಸರಣಿಯ ಪ್ರತಿ ದಿನಕ್ಕೂ 11:40 ಬರುತ್ತದೆ. ಮುಕ್ತಾಯ ದಿನ ಬರೀ ತಾರೀಖು, ಅಂದರೆ ನಡುರಾತ್ರಿ 00:00. 31-12ರ 11:40 ಅದಕ್ಕಿಂತ ದೊಡ್ಡದು, ಹೊರಗೆ ಬಿತ್ತು. ಎರಡನ್ನೂ ಡೇಟ್ ಮಾದರಿಗೆ ಬದಲಿಸಿಕೊಂಡು ಶುರುಮಾಡಿ.

ಇಂದ–ವರೆಗೆ ಜೋಡಿಗಳು

ಬಡ್ಡಿ ಲೆಕ್ಕಕ್ಕೆ ಕಂತಿನ ದಿನ ಒಂದೇ ಸಾಲದು, ಅವಧಿ ಬೇಕು: ಯಾವ ದಿನದಿಂದ ಯಾವ ದಿನದವರೆಗೆ. ಇಲ್ಲಿ ನಾನು ಕಂಡ ದೋಷಗಳು ಎರಡು. ಮೊದಲನೆಯದು, 31-01ರಿಂದ 29-02, 29-02ರಿಂದ 31-03 ಎಂದು ಬರೆದು ಬಿಟ್ವೀನ್ ಹಾಕುವುದು. ಬಿಟ್ವೀನ್ ಎರಡೂ ತುದಿಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ. 29-02ರಂದು ಕಟ್ಟಿದ ಹಣ ಎರಡೂ ಅವಧಿಗೆ ಜಮೆಯಾಗುತ್ತದೆ. ವಸೂಲಿ ಮೊತ್ತ ಕ್ಯಾಶ್ ಬುಕ್ಕಿಗಿಂತ ಹೆಚ್ಚು ಬಂದರೆ ಮೊದಲ ಅನುಮಾನ ಇದರ ಮೇಲಿರಲಿ. ಶುರು ದಿನ ಸೇರಿಸಿ, ಮುಗಿಯುವ ದಿನ ಬಿಡಿ: ಶುರುವಿಗೆ ಸಮ ಅಥವಾ ಹೆಚ್ಚು, ಮುಕ್ತಾಯಕ್ಕಿಂತ ಕಡಿಮೆ. ಪಾಸ್‌ಬುಕ್ಕಿನಲ್ಲಿ ಅಚ್ಚಾಗುವಾಗ ಮಾತ್ರ ಒಂದು ದಿನ ಕಳೆದು ತೋರಿಸಿ.

ಎರಡನೆಯದು, ಲೀಡ್ ಫಂಕ್ಷನ್ ಬಳಸಿ ಮುಂದಿನ ಸಾಲಿನ ತಾರೀಖನ್ನು ಈ ಅವಧಿಯ ಮುಕ್ತಾಯ ಮಾಡುವುದು. ಸೊಗಸಾದ ದಾರಿಯೇ, ಆದರೆ ಕೊನೆಯ ಸಾಲಿಗೆ ಮುಂದಿನದಿಲ್ಲ, ನಲ್ ಬರುತ್ತದೆ. ನಲ್ ಜೊತೆ ಯಾವ ಹೋಲಿಕೆಯೂ ನಿಜವಾಗುವುದಿಲ್ಲ, ಹಾಗಾಗಿ ಬೇರೆ ಟೇಬಲ್ ಜೊತೆ ಕೂಡಿಸುವ ಜಾಯಿನ್‌ನಲ್ಲಿ ಕೊನೆಯ ಅವಧಿ ಸದ್ದಿಲ್ಲದೆ ಉದುರುತ್ತದೆ. ನಲ್ ಇದ್ದಲ್ಲಿ ಬದಲಿ ಕೊಡುವ ಕೋಅಲೆಸ್ ಹಾಕಿ ಸಾಲದ ಮುಕ್ತಾಯ ದಿನವನ್ನು ತುಂಬಿ.

ಪಟ್ಟಿ ನಡುವೆಯೇ ನಿಂತರೆ

ಇದು ಬೇಗ ಮುಗಿಯುವ ಮಾತು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ರಿಕರ್ಸಿವ್ ಸಿಟಿಇ 100 ಸುತ್ತಿಗೆ ನಿಂತು 530ನೇ ಎರರ್ ಕೊಡುತ್ತದೆ. ತಿಂಗಳ ಕಂತಿಗೆ 100 ಧಾರಾಳ, ದಿನದ ಪಿಗ್ಮಿ ಪಟ್ಟಿ ನಾಲ್ಕು ತಿಂಗಳೂ ದಾಟುವುದಿಲ್ಲ. ಮ್ಯಾಕ್ಸ್‌ರಿಕರ್ಷನ್ ಆಪ್ಷನ್‌ನಲ್ಲಿ 32767ರವರೆಗೆ ಕೊಡಬಹುದು, 0 ಕೊಟ್ಟರೆ ಮಿತಿಯೇ ಇಲ್ಲ. ಆ ಆಪ್ಷನ್ನನ್ನು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಒಳಗೆ ಬರೆಯಲಾಗದು, ಅದನ್ನು ಕರೆಯುವ ಕ್ವೆರಿಯ ಕೊನೆಯಲ್ಲಿ ಬರೆಯಬೇಕು. ಅಲ್ಲೇ 240ನೇ ಎರರ್ ಬಂದರೆ ಮೊದಲ ಸಾಲಿನ ತಾರೀಖನ್ನು ಬರೀ ಅಕ್ಷರಮಾಲೆಯಾಗಿ ಕೊಟ್ಟಿರುತ್ತೀರಿ, ಡೇಟ್ ಮಾದರಿಗೆ ಬದಲಿಸಿ (ಕಾಸ್ಟ್ ಮಾಡಿ). ಮೈಎಸ್‌ಕ್ಯೂಎಲ್‌ನ ಮಿತಿ 1000, ದಿನದ ಲೆಕ್ಕದಲ್ಲಿ ಮೂರು ವರ್ಷಕ್ಕೂ ಕಡಿಮೆ. ಸಿಟಿಇ ಮ್ಯಾಕ್ಸ್ ರಿಕರ್ಷನ್ ಡೆಪ್ತ್ ಎಂಬ ಸೆಷನ್ ವೇರಿಯಬಲ್ ಏರಿಸಿದರಾಯಿತು. ಅದರ ಹಳೆಯ 5.7 ಆವೃತ್ತಿಯಲ್ಲಿ ಇರುವವರಿಗೆ ಸಿಟಿಇಯೇ ಇಲ್ಲ, ಅಂಕಿಗಳ ಒಂದು ಟೇಬಲ್ ಮಾಡಿಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ, ಇರುವವರೂ ಮಾಡಿಟ್ಟುಕೊಂಡರೆ ಒಳ್ಳೆಯದೇ.

1ನೇ ತಾರೀಖಿನವೂ ಕೆಟ್ಟಿದ್ದರೆ

ನಮ್ಮ ದೇಶದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಹಾಗಾಗಿ ಟೈಮ್‌ಝೋನ್ ನಮಗೆ ಸಂಬಂಧವಿಲ್ಲ ಎಂದು ಬಹಳ ಜನ ಬಿಟ್ಟಿರುತ್ತಾರೆ. ಸರ್ವರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಓಡುತ್ತಿದ್ದರೆ ಸಂಬಂಧವಿದೆ. ನಮ್ಮ 01-03-2024ರ ನಡುರಾತ್ರಿ ಯುಟಿಸಿಯಲ್ಲಿ 29-02-2024ರ 18:30. ಸೆಷನ್ (ಡೇಟಾಬೇಸ್ ಜೊತೆಗಿನ ಸಂಪರ್ಕ) ಯುಟಿಸಿಯಲ್ಲಿದ್ದಾಗ ಅದಕ್ಕೆ ಒಂದು ತಿಂಗಳು ಕೂಡಿದರೆ 29-03ರ 18:30, ಅಂದರೆ ನಮ್ಮ ಲೆಕ್ಕಕ್ಕೆ 30-03ರ ನಡುರಾತ್ರಿ. ಏಪ್ರಿಲ್ 1 ಬರಬೇಕಿದ್ದ ಕಡೆ ಮಾರ್ಚ್ 30! ಅಂಕಿ ಗುಣಿಸಿ ಕೂಡುವ ಉಪಾಯ ಇಲ್ಲಿ ಕೈಹಿಡಿಯುವುದಿಲ್ಲ, ಮೂಲವೇ ಬೇರೆ ದಿನದಲ್ಲಿ ನಿಂತಿದೆ.

ಪೋಸ್ಟ್‌ಗ್ರೆಸ್‌ನಲ್ಲಿ ಮರೆಯಲ್ಲಿರುವ ಇನ್ನೊಂದು ತೊಡಕು ಇದೆ. ಜನರೇಟ್ ಸೀರೀಸ್‌ಗೆ ಎರಡು ಡೇಟ್‌ಗಳನ್ನೇ ಕೊಟ್ಟರೂ ಹೊರಬರುವುದು ಟೈಮ್‌ಝೋನ್ ಸಹಿತ ಟೈಮ್‌ಸ್ಟ್ಯಾಂಪ್. ಒಂದು ಸೆಷನ್‌ನಲ್ಲಿ ಹುಟ್ಟಿಸಿ, ಬೇರೆ ಝೋನಿನ ಇನ್ನೊಂದರಲ್ಲಿ ಡೇಟ್‌ಗೆ ಬದಲಿಸಿದರೆ ದಿನ ಹಿಂದಕ್ಕೆ ಹೋಗಬಹುದು. ಮೊದಲು ಏಷ್ಯಾ/ಕೋಲ್ಕತಾ ಝೋನಿಗೆ ತಂದು, ಡೇಟ್ ಮಾಡಿ, ಆಮೇಲೆ ತಿಂಗಳು ಕೂಡಿ. ಈ ಕ್ರಮ ಬದಲಾಗಬಾರದು.

ಸರಿಯಾಯಿತೇ ಎಂದು ನೋಡುವುದು

ಇಡೀ ಕಂತಿನ ಟೇಬಲ್ ಮೇಲೆ ಓಡಿಸಿದ ತಪಾಸಣೆ ಇಷ್ಟೇ: ಪ್ರತಿ ಕಂತಿನ ದಿನದ ಅಂಕಿಯು, ವಾಯಿದೆ ದಿನಾಂಕ ಮತ್ತು ಆ ತಿಂಗಳ ಕೊನೆಯ ದಿನ ಇವೆರಡರಲ್ಲಿ ಚಿಕ್ಕದಕ್ಕೆ ಸಮ ಇರಬೇಕು. ಇಲ್ಲದವನ್ನು ಪಟ್ಟಿ ಮಾಡು. ತಿಂಗಳ ಕೊನೆಯ ದಿನಕ್ಕೆ ಒರಾಕಲ್, ಮೈಎಸ್‌ಕ್ಯೂಎಲ್‌ನಲ್ಲಿ ಲಾಸ್ಟ್ ಡೇ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಒಮಂತ್ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಡೇಟ್ ಟ್ರಂಕ್‌ನಿಂದ ತಿಂಗಳ ಮೊದಲಿಗೆ ಹೋಗಿ, ಒಂದು ತಿಂಗಳು ಕೂಡಿ, ಒಂದು ದಿನ ಕಳೆಯಬೇಕು. ಜೊತೆಗೆ ಒಂದು ಸಾಲಕ್ಕೆ ಒಂದೇ ತಿಂಗಳಲ್ಲಿ ಎರಡು ಕಂತು ಇದೆಯೇ, ನಡುವೆ ಯಾವುದಾದರೂ ತಿಂಗಳು ಬಿಟ್ಟುಹೋಗಿದೆಯೇ ಎಂದೂ ನೋಡಿದೆ.

ಪರೀಕ್ಷೆಗೆ ಈಗ ಇಟ್ಟುಕೊಂಡಿರುವ ಶುರು ತಾರೀಖುಗಳು: 28, 29, 30, 31-01-2024, ಆಮೇಲೆ 29-02, 31-03, 30-04 ಮತ್ತು 1-03. ಎಲ್ಲವನ್ನೂ 2025ರ ಮಾರ್ಚ್ ದಾಟಿಸಿ ಓಡಿಸುತ್ತೇನೆ. ಮುಕ್ತಾಯ ದಿನವನ್ನು ಕಂತಿನ ದಿನಕ್ಕೆ ಸರಿಯಾಗಿ ಒಮ್ಮೆ, ಅದರ ಹಿಂದಿನ ದಿನಕ್ಕೆ ಒಮ್ಮೆ ಇಟ್ಟು ನೋಡುತ್ತೇನೆ. ಮೂಲ ದೂರಿನಲ್ಲಿದ್ದವರ ಸುಸ್ತಿ ಬಡ್ಡಿಯನ್ನು ಗುಮಾಸ್ತರು ಅದೇ ವಾರ ವಾಪಸ್ ಜಮೆ ಮಾಡಿದರು. ತಪಾಸಣೆಯಲ್ಲಿ ಸಿಕ್ಕ 29-01-2024ರ ಸಾಲಗಳನ್ನೂ ಆಗಲೇ ತಿದ್ದಿಟ್ಟೆವು. ಅವರಿಗೆ ತಪ್ಪು ಕಾಣಿಸಿಕೊಳ್ಳಲು ಇನ್ನೂ ಹನ್ನೊಂದು ತಿಂಗಳು ಬಾಕಿಯಿತ್ತು.